ಜಾಕೆಟ್ ಫೋಟೋ ಸಾಕು, ಯಾವ ಸೈಡ್ ಅಂತ ಹೇಳಿ

(ಆಡಿಯೋ ಹವ್ಯಾಸಿಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ರೆಕಾರ್ಡ್ ಹಾಕಿ ಕೇಳಿಸಿದ ಜಾಗಗಳಲ್ಲಿ ಏನು ಕೇಳಿಸುತ್ತದೆ ಅಂತ ಬರೆದು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮಂಥವರು ನಾಲ್ಕು ಜನ ಸೇರಿದರೆ ಕುಶಲ ವಿಚಾರಿಸುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ಈಗ ಏನು ಕೇಳ್ತಾ ಇದ್ದೀರಿ?" ತಕ್ಷಣ ಫೋನ್ ಹೊರಗೆ ಬರುತ್ತದೆ, ಅದರಲ್ಲಿ ಒಂದು ಫೋಟೋ. ಟರ್ನ್‌ಟೇಬಲ್ ಮೇಲೆ ತಿರುಗುತ್ತಿರುವ ರೆಕಾರ್ಡ್, ಪಕ್ಕದಲ್ಲಿ ಒರಗಿಸಿಟ್ಟ ಜಾಕೆಟ್ (ರೆಕಾರ್ಡಿನ ರಟ್ಟಿನ ಹೊದಿಕೆ), ಮೂಲೆಯಲ್ಲಿ ಬೇಕಂತಲೇ ಕಾಣಿಸುವ ಹಾಗೆ ಆಂಪ್ಲಿಫೈಯರ್. ಆಮೇಲೆ ಯಾವ ಕಂಪನಿ, ಯಾವ ವರ್ಷದ ಪ್ರೆಸ್ಸಿಂಗ್ (ಅಚ್ಚು), ಯಾವ ಕಾರ್ಟ್ರಿಡ್ಜ್ (ಸೂಜಿ ಕೂರುವ ಪುಟ್ಟ ಭಾಗ) ಅನ್ನುವ ವಿವರ. ಸಂಗೀತದ ಬಗ್ಗೆ ಒಂದು ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಸೂಪರ್ ಸೌಂಡ್" ಅಂದರೆ ಅಲ್ಲಿಗೆ ಮುಗಿಯಿತು.

ರಾಕ್ ವಿಷಯದಲ್ಲಿ ಇದು ಹೇಗೋ ನಡೆಯುತ್ತದೆ. ಆಲ್ಬಮ್ ಒಂದೇ ಇರುತ್ತದೆ, ಹೆಸರು ಹೇಳಿದರೆ ಎಲ್ಲರ ತಲೆಯಲ್ಲೂ ಅದೇ ಸಂಗೀತ ಓಡುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಹಾಗಲ್ಲ. "ಬೀಥೋವನ್ ಐದನೇ ಸಿಂಫನಿ ಕೇಳ್ತಿದ್ದೀನಿ" ಅಂದರೆ ನೂರಾರು ರೆಕಾರ್ಡುಗಳಲ್ಲಿ ಯಾವುದು? ಕಂಡಕ್ಟರ್, ಅಂದರೆ ವಾದ್ಯಗಾರರನ್ನೆಲ್ಲ ನಡೆಸುವವರು, ಯಾರು? ನಾಲ್ಕು ಮೂವ್‌ಮೆಂಟ್‌ಗಳಲ್ಲಿ (ಸಿಂಫನಿ ಅನ್ನುವ ದೊಡ್ಡ ವಾದ್ಯವೃಂದ ಕೃತಿಯ ಭಾಗಗಳು) ನಿಮ್ಮನ್ನು ಹಿಡಿದು ಕೂರಿಸಿದ್ದು ಯಾವುದು? ಹೊಸದಾಗಿ ಈ ಕಡೆ ಬಂದವರಿಗೆ ಇಷ್ಟನ್ನು ಹೇಳದಿದ್ದರೆ, ಅವರು ಅರ್ಧ ಗಂಟೆ ಕೂತು ಕೇಳಿ, "ಚೆನ್ನಾಗಿದೆ, ಆದರೆ ಏನು ಕೇಳಬೇಕಿತ್ತು ಅಂತ ಗೊತ್ತಾಗಲಿಲ್ಲ" ಅಂತ ಎದ್ದು ಹೋಗುತ್ತಾರೆ. ತಪ್ಪು ಅವರದ್ದಲ್ಲ.

ಹಾಗಾಗಿ ಇವತ್ತು ನನ್ನದು ಒಂದೇ ಬೇಡಿಕೆ. ಒಂದು ರೆಕಾರ್ಡ್ ಕೇಳಿ ಅಂತ ಯಾರಿಗಾದರೂ ಹೇಳುವಾಗ ಯಾವ ಸೈಡ್, ಆ ಸೈಡಿನಲ್ಲಿ ಯಾವ ಜಾಗ, ಅಲ್ಲಿ ಏನಾಗುತ್ತದೆ, ಇಷ್ಟು ಹೇಳಿ. ಪ್ರೆಸ್ಸಿಂಗ್ ನಂಬರ್ ಆಮೇಲೆ ನೋಡಿಕೊಳ್ಳೋಣ.

ಸೈಡ್ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಸಂಗೀತಕ್ಕೂ ಎಲ್‌ಪಿಗೂ (ಲಾಂಗ್ ಪ್ಲೇ, ಹೆಚ್ಚು ಹೊತ್ತು ನುಡಿಯುವ ರೆಕಾರ್ಡ್) ಇರುವ ನಂಟೇ ಅಲ್ಲಿದೆ. 1948ಕ್ಕೆ ಮೊದಲು ಇದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡ್. 12 ಇಂಚಿನ ರೆಕಾರ್ಡಿನ ಒಂದು ಬದಿಗೆ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು. ಒಂದು ಸಿಂಫನಿ ಮುಗಿಸಲು ಏಳೆಂಟು ಬಾರಿ ಎದ್ದು ಹೋಗಬೇಕಿತ್ತು. ರಾಗ ಏರುತ್ತಾ ಏರುತ್ತಾ ಹೋಗಿ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಕರ್ರ್ ಅಂತ ಸೂಜಿ ನಡುವಿನ ಲೇಬಲ್ ಹತ್ತಿರ. 1948ರ ಜೂನಿನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ ಸುತ್ತಿನ ಎಲ್‌ಪಿ ತಂದಿತು. ಬದಿಗೆ 20 ನಿಮಿಷಕ್ಕೂ ಜಾಸ್ತಿ. ಅವರ 12 ಇಂಚಿನ ಶಾಸ್ತ್ರೀಯ ಸರಣಿಯ ಮೊದಲ ನಂಬರ್ ಎಂಎಲ್ 4001, ಅದರಲ್ಲಿದ್ದದ್ದು ಮೆಂಡೆಲ್ಸನ್ ಅವರ ವಯೊಲಿನ್ ಕನ್ಸರ್ಟೊ, ಅಂದರೆ ಒಂದು ವಯೊಲಿನ್ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ನೇಥನ್ ಮಿಲ್‌ಸ್ಟೈನ್ ವಯೊಲಿನ್, ಬ್ರೂನೊ ವಾಲ್ಟರ್ ಕಂಡಕ್ಟರ್, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ.

ಆ ಕನ್ಸರ್ಟೊದಲ್ಲೇ ನಾನು ಹೇಳುವ ಬಗೆಯ ಒಂದು ಜಾಗ ಇದೆ. ಮೊದಲ ಮೂವ್‌ಮೆಂಟ್ ಜೋರಾಗಿ ಮುಗಿಯುತ್ತದೆ, ಎಲ್ಲರೂ ನಿಲ್ಲುತ್ತಾರೆ. ಆದರೆ ಒಂದು ಬಾಸೂನ್ (ಕೆಳ ದನಿಯ ಊದುವ ವಾದ್ಯ) ಮಾತ್ರ ತನ್ನ ಸ್ವರವನ್ನು ಬಿಡುವುದಿಲ್ಲ. ಹಾಗೇ ಹಿಡಿದುಕೊಂಡು, ಅರ್ಧ ಸ್ವರ ಮೇಲೆ ಸರಿದು, ಅದರ ಹಿಂದೆಯೇ ಎರಡನೇ ಮೂವ್‌ಮೆಂಟನ್ನು ಒಳಗೆ ಕರೆದುಕೊಂಡು ಬರುತ್ತದೆ. ನಡುವೆ ಚಪ್ಪಾಳೆಗೆ ಜಾಗವೇ ಇಲ್ಲ. "ಮೆಂಡೆಲ್ಸನ್ ಕೇಳಿ" ಅನ್ನುವುದಕ್ಕೂ "ಆ ಬಾಸೂನ್ ಕಾಯುತ್ತಾ ಕೇಳಿ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದನ್ನು ಕೇಳಿಸಿಕೊಂಡವರು ಮೊದಲ ಮೂವ್‌ಮೆಂಟ್ ಇಡೀ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ಈಗ ನಮ್ಮ ಹವ್ಯಾಸದ ದೊಡ್ಡ ದೇವರುಗಳ ವಿಷಯಕ್ಕೆ ಬರುತ್ತೇನೆ, ಅಂದರೆ ಡೆಮೊ ರೆಕಾರ್ಡುಗಳು. ಎಲ್ಲರ ಹತ್ತಿರವೂ ಇರುವ, ಬಂದವರಿಗೆಲ್ಲ ಹಾಕಿ ತೋರಿಸುವ ಹತ್ತಿಪ್ಪತ್ತು ರೆಕಾರ್ಡುಗಳು ಇವು. ಆರ್‌ಸಿಎ ಲಿವಿಂಗ್ ಸ್ಟೀರಿಯೊ, ಮರ್ಕ್ಯುರಿ ಲಿವಿಂಗ್ ಪ್ರೆಸೆನ್ಸ್, ಡೆಕ್ಕಾದ ಎಸ್‌ಎಕ್ಸ್‌ಎಲ್ ಸರಣಿಗಳವು. ಇವನ್ನು ಹೀಗಳೆಯಲು ನಾನು ಬಂದಿಲ್ಲ. ಮರ್ಕ್ಯುರಿಯವರು 1951ರಲ್ಲಿ ಷಿಕಾಗೋ ಆರ್ಕೆಸ್ಟ್ರಾ ಮುಂದೆ ಒಂದೇ ಒಂದು ಮೈಕ್ ತೂಗುಹಾಕಿ, ಕುಬೆಲಿಕ್ ಕಂಡಕ್ಟ್ ಮಾಡಿದ ಮುಸೋರ್ಗ್‌ಸ್ಕಿಯ ಸಂಗೀತವನ್ನು ಹಿಡಿದಿದ್ದರು. ಸ್ಟೀರಿಯೊ ಬಂದ ಮೇಲೂ ಅವರದ್ದು ಮೂರೇ ಮೈಕ್. ಡೆಕ್ಕಾದವರು ಕಂಡಕ್ಟರ್ ತಲೆಯ ಮೇಲೆ ಮೂರು ಮೈಕುಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ಕಟ್ಟುತ್ತಿದ್ದರು, ಅದಕ್ಕೆ ಡೆಕ್ಕಾ ಟ್ರೀ ಅಂತಲೇ ಹೆಸರು. ಇವತ್ತಿನ ಎಷ್ಟೋ ರೆಕಾರ್ಡಿಂಗುಗಳಿಗಿಂತ ಇವು ಚೆನ್ನಾಗಿವೆ ಅಂತ ನಾನೂ ಹೇಳುತ್ತೇನೆ. ನನ್ನ ತಕರಾರು ನಾವು ಅವನ್ನು ಕೇಳುವ ರೀತಿಯ ಬಗ್ಗೆ.

ಫ್ರಿಟ್ಸ್ ರೈನರ್ ಷಿಕಾಗೋದಲ್ಲಿ 1954ರ ಮಾರ್ಚಿನಲ್ಲಿ ಕಂಡಕ್ಟ್ ಮಾಡಿದ, ರಿಚರ್ಡ್ ಸ್ಟ್ರಾಸ್ ಅವರ "ಆಲ್ಸೊ ಶ್ಪ್ರಾಖ್ ಜರತುಷ್ಟ್ರ" ತೆಗೆದುಕೊಳ್ಳಿ. ಸ್ಟೀರಿಯೊ ಎಲ್‌ಪಿ ಅಂಗಡಿಗೆ ಬರುವುದಕ್ಕೆ ಇನ್ನೂ ನಾಲ್ಕು ವರ್ಷ ಇದ್ದಾಗಲೇ ಅದನ್ನು ಸ್ಟೀರಿಯೊದಲ್ಲಿ ಹಿಡಿದಿಟ್ಟರು. ಶುರುವಿನಲ್ಲಿ ಆರ್ಗನ್‌ನ ನೆಲ ನಡುಗಿಸುವ ಕೆಳ ಸ್ವರ, ಅದರ ಮೇಲೆ ತುತ್ತೂರಿಗಳ ಮೂರು ಸ್ವರ, ಆಮೇಲೆ ಟಿಂಪನಿಯ (ದೊಡ್ಡ ನಗಾರಿಯ) ಹೊಡೆತ. ಒಂದೂವರೆ ಎರಡು ನಿಮಿಷ. ಮೈ ಜುಮ್ ಅನ್ನುತ್ತದೆ, ನಿಜ. ಆಮೇಲೆ ನಾವೇನು ಮಾಡುತ್ತೇವೆ? ಸೂಜಿ ಎತ್ತುತ್ತೇವೆ! ಇನ್ನೂ ಅರ್ಧ ಗಂಟೆಯ ಸಂಗೀತ ಬಾಕಿ ಇರುತ್ತದೆ.

ಹಾಗೆ ಎತ್ತಿದವರು ಏನು ಕಳೆದುಕೊಂಡರು ಅಂತ ಹೇಳುತ್ತೇನೆ. ಮಧ್ಯದಲ್ಲಿ "ವಿಜ್ಞಾನ" ಅನ್ನುವ ಭಾಗ ಬರುತ್ತದೆ. ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ತೀರಾ ತಳದಲ್ಲಿ, ಗೊಣಗಿದ ಹಾಗೆ, ಹನ್ನೆರಡೂ ಸ್ವರಗಳನ್ನು ಬಳಸಿದ ಒಂದು ಎಳೆಯನ್ನು ಶುರು ಮಾಡುತ್ತವೆ. ಒಂದರ ಮೇಲೊಂದು ಎಳೆ ಸೇರುತ್ತಾ ಹೋಗುತ್ತದೆ. ನಿಮ್ಮ ಸ್ಪೀಕರ್ ಬಾಸ್ ಸ್ವರಗಳನ್ನು ಬಿಡಿಬಿಡಿಯಾಗಿ ಹೇಳುತ್ತದಾ, ಇಲ್ಲ ಒಟ್ಟಿಗೆ ಗುಂಯ್ ಅನ್ನುತ್ತದಾ ಅಂತ ತಿಳಿಯಲು ಶುರುವಿನ ಆ ಆರ್ಗನ್‌ಗಿಂತ ಇದು ಮೇಲು. ಇನ್ನು ಕೊನೆ. ಮೇಲೆ ಕೊಳಲುಗಳು ಮತ್ತು ವಯೊಲಿನ್‌ಗಳು ಒಂದು ಶ್ರುತಿಯಲ್ಲಿ ಮೆಲ್ಲಗೆ ನಿಲ್ಲುತ್ತವೆ. ಕೆಳಗೆ ಡಬಲ್ ಬಾಸ್‌ಗಳು ತಂತಿ ಮೀಟುತ್ತಾ ಬೇರೆ ಶ್ರುತಿಯ ಸ್ವರವೊಂದನ್ನು ಹೇಳುತ್ತವೆ. ಮೇಲಿನವರು ಮತ್ತೆ ತಮ್ಮದು, ಕೆಳಗಿನವರು ಮತ್ತೆ ತಮ್ಮದು. ಯಾರೂ ರಾಜಿಯಾಗುವುದಿಲ್ಲ, ಕೃತಿ ಹಾಗೇ ಮುಗಿದು ಹೋಗುತ್ತದೆ. 1896ರಲ್ಲಿ ಹೀಗೆ ಬರೆದು ಮುಗಿಸಲು ಎಷ್ಟು ಧೈರ್ಯ ಬೇಕು, ಅಲ್ವಾ?

ಡೆಮೊ ಹುಚ್ಚಿನ ಶಿಖರ ಅಂದರೆ ಟೆಲಾರ್ಕ್ ಕಂಪನಿ 1979ರಲ್ಲಿ ತಂದ ಚೈಕೋವ್‌ಸ್ಕಿಯ "1812" ಅನ್ನುವ ಕೃತಿ. ಸಿನ್ಸಿನಾಟಿ ಆರ್ಕೆಸ್ಟ್ರಾ, ಎರಿಕ್ ಕುನ್ಜೆಲ್ ಕಂಡಕ್ಟರ್, ನಿಜವಾದ ಫಿರಂಗಿ. ಫಿರಂಗಿ ಸಿಡಿಯುವ ಜಾಗದಲ್ಲಿ ಗ್ರೂವ್ (ಸೂಜಿ ಓಡುವ ಗೀರು) ಎಷ್ಟು ಅಡ್ಡಾದಿಡ್ಡಿ ಓಡುತ್ತದೆ ಅಂದರೆ ಬರಿಗಣ್ಣಿಗೆ ಕಾಣಿಸುತ್ತದೆ. ಎಷ್ಟೋ ಸೂಜಿಗಳು ಅಲ್ಲಿ ಹಾರಿ ಆಚೆ ಬಿದ್ದವು, ಸ್ಪೀಕರ್ ಹಾಳಾದೀತು ಜೋಕೆ ಅಂತ ಜಾಕೆಟ್ ಮೇಲೇ ಎಚ್ಚರಿಕೆ ಇತ್ತು. ಕಾರ್ಟ್ರಿಡ್ಜ್ ಪರೀಕ್ಷೆಗೆ ಇದಕ್ಕಿಂತ ಬೇರೆ ಬೇಡ. ಸಂಗೀತ ಅಂತ ನೋಡಿದರೆ, ಚೈಕೋವ್‌ಸ್ಕಿಯ ಅತ್ಯುತ್ತಮ ಹತ್ತರಲ್ಲಿ ನಾನಂತೂ ಇದನ್ನು ಸೇರಿಸುವುದಿಲ್ಲ.

ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನದ್ದು ಇನ್ನೊಂದು ತಮಾಷೆ. ಡೆಕ್ಕಾ, ಇಎಂಐ ಎರಡೂ ಅಲ್ಲಿ ದಶಕಗಟ್ಟಲೆ ರೆಕಾರ್ಡ್ ಮಾಡಿದವು. ಧ್ವನಿಗೆ ಅಷ್ಟು ಒಳ್ಳೆಯ ಜಾಗ. ಆದರೆ ಕೆಳಗೆ ಸುರಂಗ ರೈಲು ಓಡುತ್ತಿತ್ತು, ಅದರ ಗುಡುಗುಡು ಸುಮಾರು ರೆಕಾರ್ಡುಗಳಲ್ಲಿ ಸೇರಿಕೊಂಡಿದೆ. ಸಬ್‌ವೂಫರ್ (ತಳದ ಸ್ವರಗಳ ಸ್ಪೀಕರ್) ಇರುವವರಿಗೆ ಆ ರೈಲನ್ನು ಪತ್ತೆ ಹಚ್ಚುವುದೇ ಒಂದು ಆಟ. ಜ್ಯಾಕ್ವೆಲಿನ್ ಡು ಪ್ರೆ 1965ರಲ್ಲಿ ಕಂಡಕ್ಟರ್ ಬಾರ್ಬಿರೋಲಿ ಜೊತೆ ನುಡಿಸಿದ ಎಲ್ಗರ್ ಚೆಲ್ಲೊ ಕನ್ಸರ್ಟೊ ಅಲ್ಲೇ ರೆಕಾರ್ಡ್ ಆದದ್ದು. ಅಂಥ ರೆಕಾರ್ಡ್ ಹಾಕಿಕೊಂಡು ರೈಲು ಕೇಳಿಸಿತಾ ಅಂತ ಹುಡುಕುವುದು ಮದುವೆಗೆ ಹೋಗಿ ಚಪ್ಪರದ ಗೂಟ ಎಣಿಸಿ ಬಂದ ಹಾಗೆ.

ಆ ಎಲ್ಗರ್‌ನಲ್ಲಿ ಕೇಳಬೇಕಾದ್ದು ಇದು. ಶುರುವಿನಲ್ಲಿ ಚೆಲ್ಲೊ ಒಂಟಿಯಾಗಿ ನಾಲ್ಕು ದೊಡ್ಡ ಸ್ವರಗುಚ್ಛ ಎಳೆಯುತ್ತದೆ, ಎದೆಗೆ ನೇರ ತಾಗುತ್ತದೆ. ಮುಖ್ಯ ರಾಗವನ್ನು ಇನ್ನೇನು ಅದೇ ಚೆಲ್ಲೊ ಹಾಡಬಹುದು ಅಂದುಕೊಂಡರೆ, ಇಲ್ಲ. ವಯೊಲಾಗಳು (ವಯೊಲಿನ್‌ಗಿಂತ ತುಸು ದೊಡ್ಡ, ಕೆಳ ದನಿಯವು) ಯಾವ ಪಕ್ಕವಾದ್ಯವೂ ಇಲ್ಲದೆ, ಬರಿದಾಗಿ ಅದನ್ನು ಹಾಡುತ್ತವೆ. ಆಮೇಲೆ ಚೆಲ್ಲೊ ಅದನ್ನು ಕೈಗೆತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತನ್ನ ತೀರಾ ಮೇಲಿನ ಸ್ವರದವರೆಗೂ ಏರುತ್ತದೆ, ಅಲ್ಲಿ ಇಡೀ ಆರ್ಕೆಸ್ಟ್ರಾ ಬಂದು ಕೂಡಿಕೊಳ್ಳುತ್ತದೆ. ಆ ಏರಿಕೆಯಲ್ಲಿ ಡು ಪ್ರೆ ಬಿಲ್ಲಿನ ಮೇಲೆ ಹಾಕುವ ಒತ್ತಡ ಕೇಳಿಸಿದರೆ ನಿಮ್ಮ ಸಿಸ್ಟಮ್ ಪಾಸ್. ಇನ್ನೊಂದು ಮಾತು. ಆ ಎಲ್‌ಪಿಯ ಇನ್ನೊಂದು ಬದಿಯಲ್ಲಿ ಜಾನೆಟ್ ಬೇಕರ್ ಹಾಡಿದ ಎಲ್ಗರ್‌ನ "ಸೀ ಪಿಕ್ಚರ್ಸ್" ಇದೆ. ರೆಕಾರ್ಡ್ ಇಟ್ಟುಕೊಂಡವರಲ್ಲಿ ಎಷ್ಟು ಜನ ಅದನ್ನು ತಿರುಗಿಸಿ ಹಾಕಿದ್ದಾರೋ! ದಯವಿಟ್ಟು ತಿರುಗಿಸಿ.

ಈಗ ಸ್ವಲ್ಪ ತಾಂತ್ರಿಕ ವಿಷಯ. ನಿಮಗೆಲ್ಲ ಅರ್ಧ ಗೊತ್ತಿರುತ್ತದೆ, ಆದರೆ ಅದನ್ನು ಸಂಗೀತದ ಜೊತೆ ಸೇರಿಸಿ ನೋಡುವವರು ಕಡಿಮೆ. ರೆಕಾರ್ಡ್ ತಿರುಗುವ ವೇಗ ಒಂದೇ, ಆದರೆ ಸೂಜಿಯ ಕೆಳಗೆ ಗ್ರೂವ್ ಓಡುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬಂದಾಗ ಸುಮಾರು 21. ಅಂದರೆ ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ತುರುಕಬೇಕು. ಸೂಜಿಯ ತುದಿ ಎಷ್ಟೇ ಚೂಪಾಗಿದ್ದರೂ ಅಲ್ಲಿನ ಚಿಕ್ಕ ತಿರುವುಗಳಲ್ಲಿ ಒದ್ದಾಡುತ್ತದೆ. ಜೋರು ದನಿ, ಮೇಲಿನ ಸ್ವರ ಎರಡೂ ಸೇರಿದರೆ ಒಡಕು ಕೇಳಿಸುತ್ತದೆ.

ಇದನ್ನು ರಾವೆಲ್ ಅವರ "ಬೊಲೆರೊ" ಮೇಲೆ ಇಟ್ಟು ನೋಡಿ. 15 ನಿಮಿಷದ ಆಸುಪಾಸು, ಉದ್ದಕ್ಕೂ ಒಂದೇ ಏರಿಕೆ. ಶುರುವಿನಲ್ಲಿ ಸ್ನೇರ್ ಡ್ರಮ್ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, ಅದರ ಮೇಲೆ ಒಂದು ಕೊಳಲು. ಕೊನೆಯಲ್ಲಿ ಇಡೀ ಆರ್ಕೆಸ್ಟ್ರಾ ಕಿರುಚುತ್ತದೆ. ಎಲ್‌ಪಿಯಲ್ಲಿ ಇದು ಪೂರ್ತಿ ಉಲ್ಟಾ ಬೀಳುತ್ತದೆ. ಗ್ರೂವ್‌ಗೆ ಜಾಸ್ತಿ ಜಾಗ ಇರುವ ಕಡೆ ಸಂಗೀತ ಪಿಸುಗುಟ್ಟುತ್ತದೆ, ಜಾಗವೇ ಇಲ್ಲದ ಕಡೆ ಅಬ್ಬರಿಸುತ್ತದೆ. ಅದಕ್ಕೇ ಕೆಲವರು ಇದನ್ನು ಒಳಗಿನಿಂದ ಹೊರಗೆ ಓಡುವ ಹಾಗೆ ಕಟ್ ಮಾಡಿಸಿದ್ದೂ ಉಂಟು, ಸೂಜಿಯನ್ನು ಲೇಬಲ್ ಹತ್ತಿರ ಇಳಿಸಬೇಕು. ಅಷ್ಟು ದೂರ ಹೋಗುವುದು ಬೇಡ. ಬೊಲೆರೊ ಇರುವ ರೆಕಾರ್ಡ್ ತೆಗೆದುಕೊಳ್ಳುವಾಗ ಅದು ಸೈಡಿನಲ್ಲಿ ಒಂದೇ ಇದೆಯಾ, ಇಲ್ಲ ಬೇರೆ ಕೃತಿಯ ಹಿಂದೆ ಕೊನೆಗೆ ಬಿದ್ದಿದೆಯಾ ಅಂತ ನೋಡಿ. ಒಂದೇ ಇದ್ದರೆ ಕಟ್ ಮಾಡುವವರು ಲೇಬಲ್ಲಿನಿಂದ ಸಾಕಷ್ಟು ದೂರದಲ್ಲೇ ಮುಗಿಸಬಹುದು.

ಆದರೆ ಬೊಲೆರೊದಲ್ಲಿ ನಾನು ಕಾಯುವುದು ಕೊನೆಯ ಅಬ್ಬರಕ್ಕಲ್ಲ. ಮೊದಲ ಮೂರನೇ ಒಂದು ಭಾಗ ದಾಟಿದ ಮೇಲೆ, ಆರ್ಕೆಸ್ಟ್ರಾದಲ್ಲಿ ಇಲ್ಲವೇ ಇಲ್ಲದ ಒಂದು ವಾದ್ಯ ಕೇಳಿಸುತ್ತದೆ. ಒಂಥರಾ ಗೂಡಂಗಡಿಯ ಸಣ್ಣ ಪೀಪಿ ಮತ್ತು ಆರ್ಗನ್ ಎರಡರ ನಡುವಿನದ್ದು. ಅಲ್ಲಿ ನಿಜಕ್ಕೂ ನುಡಿಸುತ್ತಿರುವುದು ಒಂದು ಹಾರ್ನ್ (ಸುರುಳಿ ಸುತ್ತಿದ ಕೊಂಬು), ಎರಡು ಪಿಕೊಲೊ (ಪುಟ್ಟ ಕೊಳಲು), ಒಂದು ಸೆಲೆಸ್ಟಾ (ಗಂಟೆ ನಾದದ ಕೀಲಿಮಣೆ ವಾದ್ಯ). ಹಾರ್ನ್ ರಾಗವನ್ನು ಅದರ ಶ್ರುತಿಯಲ್ಲೇ ಹೇಳುತ್ತದೆ. ಎರಡು ಪಿಕೊಲೊಗಳು ಅದೇ ರಾಗವನ್ನು ಎರಡು ಬೇರೆ ಬೇರೆ ಶ್ರುತಿಯಲ್ಲಿ, ತುಂಬಾ ಮೇಲೆ, ಮೆತ್ತಗೆ ನುಡಿಸುತ್ತವೆ. ಒಂದು ಸ್ವರದೊಳಗೆ ಸಹಜವಾಗಿಯೇ ಇರುವ ಮೇಲಿನ ಉಪಸ್ವರಗಳನ್ನು ರಾವೆಲ್ ಹೀಗೆ ಬೇರೆ ವಾದ್ಯಗಳ ಕೈಯಲ್ಲಿ ಹೇಳಿಸಿದ್ದಾರೆ. ಚೆನ್ನಾಗಿ ನುಡಿಸಿದ, ಚೆನ್ನಾಗಿ ರೆಕಾರ್ಡ್ ಮಾಡಿದ ಕಡೆ ನಾಲ್ಕೂ ಸೇರಿ ಒಂದೇ ಹೊಸ ವಾದ್ಯವಾಗುತ್ತವೆ. ಇಲ್ಲವಾದರೆ ಹಾರ್ನ್ ಬೇರೆ, ಮೇಲೆ ಅಪಸ್ವರದ ಸೀಟಿ ಬೇರೆ. (ಇಲ್ಲಿ ಎರಡು ಬೇರೆ ರೆಕಾರ್ಡುಗಳಿಂದ ಆ ಭಾಗವನ್ನಷ್ಟೇ ಹಾಕಿದೆ. ಮೊದಲನೆಯದರಲ್ಲಿ ಪಿಕೊಲೊ ಮುಂದೆ ಬಂದು ಕುಳಿತಿತ್ತು, ಎರಡನೆಯದರಲ್ಲಿ ಎಲ್ಲಿದೆ ಅಂತ ಹುಡುಕಬೇಕಾಯಿತು. ಕೂತವರಲ್ಲಿ ಜಾಸ್ತಿ ಜನ ಎರಡನೆಯದಕ್ಕೆ ಕೈ ಎತ್ತಿದರು.)

ಎಲ್‌ಪಿಗೆ ಹೇಳಿ ಮಾಡಿಸಿದಂಥ ಕೃತಿ ಬೇಕಾ? ಹೈಡನ್ ಅವರ 45ನೇ ಸಿಂಫನಿ, "ಫೇರ್‌ವೆಲ್", 1772ರದ್ದು. ಬೊಲೆರೊಗೆ ನೇರ ವಿರುದ್ಧ. ಕತೆ ನಿಮಗೆ ಗೊತ್ತಿರಬಹುದು. ದೊರೆ ನಿಕೊಲಾಸ್ ಎಸ್ಟರ್‌ಹಾಜಿ ತನ್ನ ಬೇಸಿಗೆ ಅರಮನೆಯಿಂದ ಹೊರಡುವ ಲಕ್ಷಣವೇ ಇರಲಿಲ್ಲ, ವಾದ್ಯದವರಿಗೆ ಹೆಂಡತಿ ಮಕ್ಕಳನ್ನು ನೋಡದೆ ಸಾಕಾಗಿತ್ತು. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹೈಡನ್ ಕೊನೆಯ ಮೂವ್‌ಮೆಂಟನ್ನು ಹೇಗೆ ಬರೆದರು ಅಂದರೆ, ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮೇಣದ ಬತ್ತಿ ಆರಿಸಿ ಎದ್ದು ಹೋಗಬೇಕು. ಓಬೋ (ಶಹನಾಯಿ ಥರದ ವಾದ್ಯ), ಹಾರ್ನ್, ಬಾಸೂನ್. ಡಬಲ್ ಬಾಸ್ ಹೊರಡುವ ಮುಂಚೆ ಒಂದಿಷ್ಟು ತನ್ನದೇ ಮಾತು ಹೇಳಿ ಹೋಗುತ್ತದೆ. ಕೊನೆಗೆ ಉಳಿಯುವುದು ಎರಡೇ ವಯೊಲಿನ್. ದೊರೆಗೆ ಅರ್ಥವಾಯಿತಂತೆ, ಮಾರನೇ ದಿನವೇ ಗಂಟುಮೂಟೆ ಕಟ್ಟಿದರಂತೆ.

ಇಡೀ ಸಿಂಫನಿ ಸುಮಾರು 25 ನಿಮಿಷ, ಒಂದು ಸೈಡಿನಲ್ಲಿ ಕೂರುತ್ತದೆ. ರಭಸದ ಮೊದಲ ಮೂವ್‌ಮೆಂಟ್ ಹೊರ ಅಂಚಿನಲ್ಲಿ ಬೀಳುತ್ತದೆ, ಎರಡೇ ವಯೊಲಿನ್ ಉಳಿಯುವ ಹೊತ್ತಿಗೆ ಸೂಜಿ ಲೇಬಲ್ ಹತ್ತಿರ ಇರುತ್ತದೆ. ಅಲ್ಲಿ ಒಡಕಿನ ಭಯ ಇಲ್ಲ. ರೆಕಾರ್ಡ್ ಕ್ಲೀನ್ ಇರಬೇಕು ಅಷ್ಟೇ, ಅಷ್ಟು ಮೆಲು ದನಿಯಲ್ಲಿ ಒಂದು ಧೂಳಿನ ಕಣವೂ ಚಟ್ ಅನ್ನುತ್ತದೆ. ಕಂಡಕ್ಟರ್ ಆಂಟಲ್ ಡೊರಾಟಿ ಹೈಡನ್‌ರ ಸಿಂಫನಿಗಳನ್ನೆಲ್ಲ ಡೆಕ್ಕಾಗಾಗಿ 1969ರಿಂದ 1972ರ ನಡುವೆ ರೆಕಾರ್ಡ್ ಮಾಡಿದರು. ಒಂದೊಂದಾಗಿ ಕೇಳುತ್ತಾ ಹೋಗಬಹುದು. ಶಾಸ್ತ್ರೀಯ ಸಂಗೀತಕ್ಕೆ ಹೊಸಬರು ಅಂತ ಯಾರಾದರೂ ಬಂದರೆ ನಾನು ಮಾಹ್ಲರ್‌ನ ಉದ್ದುದ್ದ ಸಿಂಫನಿ ಕೊಡುವುದಿಲ್ಲ, ಹೈಡನ್ ಕೊಡುತ್ತೇನೆ. ಜೊತೆಗೆ ಯಾವ ಸೈಡ್ ಅಂತಲೂ ಹೇಳುತ್ತೇನೆ.

ಸೈಡ್ ತಿರುಗಿಸುವ ಜಾಗದ ಬಗ್ಗೆಯೂ ಎರಡು ಮಾತು. ಬಾಖ್ ಅವರ "ಗೋಲ್ಡ್‌ಬರ್ಗ್ ವೇರಿಯೇಷನ್ಸ್"ನಲ್ಲಿ 30 ವೇರಿಯೇಷನ್‌ಗಳಿವೆ, ಅಂದರೆ ಒಂದೇ ಮೂಲದ ಮೇಲೆ ಕಟ್ಟಿದ 30 ರೂಪಗಳು. 15ನೆಯದು ದುಃಖದ ಛಾಯೆಯದ್ದು, ಕೊನೆಯಲ್ಲಿ ರಾಗ ಮೇಲೆ ಮೇಲೆ ಹೋಗಿ ಉತ್ತರವೇ ಸಿಗದೆ ನಿಂತುಬಿಡುತ್ತದೆ. 16ನೆಯದು ಅರಮನೆಯ ಬಾಗಿಲು ತೆರೆದಂಥ ಗತ್ತಿನ ಆರಂಭ. ಅಂದರೆ ಮಧ್ಯಂತರವನ್ನು ಬಾಖ್ ಅವರೇ ಇಟ್ಟಿದ್ದಾರೆ. ಆ ಎರಡರ ನಡುವೆಯೇ ಸೈಡ್ ಬದಲಾಗುವ ರೆಕಾರ್ಡ್ ಸಿಕ್ಕರೆ, ಎದ್ದು ಹೋಗಿ ತಿರುಗಿಸುವುದೂ ಸಂಗೀತದೊಳಗೇ ಸೇರಿಕೊಳ್ಳುತ್ತದೆ. ಬೀಥೋವನ್ ಅವರ ಓಪಸ್ 131 (ಕೃತಿ ಸಂಖ್ಯೆ) ಕ್ವಾರ್ಟೆಟ್, ನಾಲ್ಕು ತಂತಿವಾದ್ಯಗಳದ್ದು, ಹಾಗಲ್ಲ. ಏಳು ಮೂವ್‌ಮೆಂಟ್, ನಡುವೆ ಬಿಡುವೇ ಇಲ್ಲ, ಒಟ್ಟು 40 ನಿಮಿಷದ ಹತ್ತಿರ. ಎಲ್ಲಿ ಕತ್ತರಿಸಿದರೂ ನೋವೇ. ಇದೊಂದನ್ನು ಎಲ್‌ಪಿಯಲ್ಲಿ ಕೇಳಬೇಡಿ ಅಂತ ನಾನು ಹೇಳುತ್ತೇನೆ. ಹೌದು, ಈ ಕೂಟದಲ್ಲೇ ನಿಂತು ಹೇಳುತ್ತಿದ್ದೇನೆ! ಫೈಲ್ ಆಗಲಿ, ಸಿಡಿ ಆಗಲಿ, ತಡೆಯಿಲ್ಲದೆ ಕೇಳಿ.

ದೊಡ್ಡ ಆರ್ಕೆಸ್ಟ್ರಾದಿಂದ ಚಿಕ್ಕ ಗುಂಪಿನ ಕಡೆ ಬರುವುದು ನಮ್ಮಂಥವರಿಗೆ ಕಷ್ಟ, ಯಾಕೆಂದರೆ ಅಲ್ಲಿ ತೋರಿಸಿಕೊಳ್ಳಲು ಬಾಸ್ ಇಲ್ಲ. ಸುಲಭದ ದಾರಿ ಒಂದಿದೆ. ಡೆಬ್ಯುಸಿ ಮತ್ತು ರಾವೆಲ್ ಇಬ್ಬರೂ ಒಂದೊಂದೇ ಸ್ಟ್ರಿಂಗ್ ಕ್ವಾರ್ಟೆಟ್ ಬರೆದರು, ಒಂದು 1893ರದ್ದು, ಇನ್ನೊಂದು 1903ರದ್ದು. ಎರಡನ್ನೂ ಒಂದೇ ರೆಕಾರ್ಡಿನಲ್ಲಿ ಬದಿಗೊಂದರಂತೆ ಹಾಕುವುದು ರೂಢಿ. ಎರಡರಲ್ಲೂ ನೇರ ಎರಡನೇ ಮೂವ್‌ಮೆಂಟಿಗೆ ಸೂಜಿ ಇಳಿಸಿ. ಬಿಲ್ಲು ಬಿಟ್ಟು ಬೆರಳಿನಿಂದ ತಂತಿ ಮೀಟುವ ಆಟ, ನಾಲ್ಕು ಜನ ಒಬ್ಬರಿಂದೊಬ್ಬರಿಗೆ ಎಸೆದಾಡುತ್ತಾರೆ. ಯಾರು ಎಲ್ಲಿ ಕೂತಿದ್ದಾರೆ ಅಂತ ಕಣ್ಣು ಮುಚ್ಚಿ ಬೆರಳು ತೋರಿಸುವಷ್ಟು ಸ್ಪಷ್ಟವಾಗಿ ಕೇಳಿಸಬೇಕು. ಅದು ಹಿಡಿಸಿದರೆ ಮುಂದಿನದು ಶೂಬರ್ಟ್ ತಾವು ಸಾಯುವ ವರ್ಷ, 1828ರಲ್ಲಿ, ಎರಡು ಚೆಲ್ಲೊ ಇಟ್ಟು ಬರೆದ ಕ್ವಿಂಟೆಟ್, ಐದು ಜನರದ್ದು. ಅದರ ನಿಧಾನದ ಮೂವ್‌ಮೆಂಟಿನಲ್ಲಿ ಮಧ್ಯದ ಮೂವರು ಉದ್ದುದ್ದ ಸ್ವರಗಳನ್ನು ಹಿಡಿದಿರುತ್ತಾರೆ, ಮೇಲಿನ ವಯೊಲಿನ್ ತುಂಡು ತುಂಡಾಗಿ ಏನೋ ಹೇಳುತ್ತದೆ, ಕೆಳಗಿನ ಚೆಲ್ಲೊ ತಂತಿ ಮೀಟುತ್ತದೆ. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಬಿರುಗಾಳಿ. ವಾಲ್ಯೂಮನ್ನು ಮೊದಲೇ ನೋಡಿಕೊಂಡು ಇಡಿ.

ಒಂದೇ ಕೃತಿಯನ್ನು ಇಬ್ಬರಲ್ಲಿ ಕೇಳುವುದು ಗುಂಪಿನಲ್ಲಿ ಮಾಡಬಹುದಾದ ಅತ್ಯಂತ ಒಳ್ಳೆಯ ಕೆಲಸ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಗೋಲ್ಡ್‌ಬರ್ಗ್ ಅನ್ನು 1955ರಲ್ಲಿ ಸುಮಾರು 38 ನಿಮಿಷದಲ್ಲಿ ಮುಗಿಸಿದರು, 1981ರಲ್ಲಿ ಅದಕ್ಕೆ 51 ನಿಮಿಷ ತೆಗೆದುಕೊಂಡರು. ಶುರುವಿನಲ್ಲಿ ಬರುವ ತುಣುಕು, ಆರಿಯಾ, ಅದೊಂದನ್ನೇ ಎರಡರಲ್ಲೂ ಕೇಳಿ ಸಾಕು. ಎರಡರಲ್ಲೂ ಅವರು ಗುನುಗುವುದು ಕೇಳಿಸುತ್ತದೆ, ಅದಕ್ಕೆ ಸಿಡುಕುವವರೂ ಇದ್ದಾರೆ, ನನಗೇನೂ ತೊಂದರೆಯಿಲ್ಲ. ಬೀಥೋವನ್ ಐದನೆಯದಾದರೆ ಮೊದಲ ಮೂವ್‌ಮೆಂಟಿನ ಕೊನೆಯ ಅರ್ಧದಲ್ಲಿ ಇಡೀ ಆರ್ಕೆಸ್ಟ್ರಾ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಒಂದು ಓಬೋ ಮಾತ್ರ ಒಂದೇ ಸಾಲು ಹಾಡಿ ಸುಮ್ಮನಾಗುತ್ತದೆ. ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1974ರಲ್ಲಿ ಮಾಡಿದ್ದರಲ್ಲಿ ಆ ಓಬೋ ಕೇಳಿ, ಆಮೇಲೆ ನಿಮ್ಮ ಹತ್ತಿರ ಇರುವ ಇನ್ಯಾವುದರಲ್ಲಾದರೂ ಕೇಳಿ. ಜಾಕೆಟ್ ಮುಚ್ಚಿಡಿ. "ಯಾವುದು ಚೆನ್ನಾಗಿದೆ" ಅಂತ ಕೇಳಿದರೆ ಜಗಳ ಶುರು. "ಯಾರು ಎಲ್ಲಿ ನಿಧಾನಿಸಿದರು" ಅಂತ ಕೇಳಿದರೆ ಎಲ್ಲರೂ ಕಿವಿಗೊಡುತ್ತಾರೆ.

ಮೊದಲ ಪ್ರೆಸ್ಸಿಂಗ್ ಹುಚ್ಚಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಆರ್‌ಸಿಎ ಲೇಬಲ್ಲಿನಲ್ಲಿ ನಾಯಿಯ ಚಿತ್ರದ ಹಿಂದೆ ನೆರಳು ಇದೆಯಾ, ಕೊಲಂಬಿಯಾದ್ದರಲ್ಲಿ ಕಣ್ಣಿನಂಥ ಆರು ಚಿಹ್ನೆ ಇದೆಯಾ, ಡಾಯ್ಚ ಗ್ರಾಮೊಫೋನ್‌ನದ್ದಕ್ಕೆ ಟ್ಯುಲಿಪ್ ಹೂವಿನ ಅಂಚು ಇದೆಯಾ, ಲೇಬಲ್ ಪಕ್ಕದ ಖಾಲಿ ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುವ, ಯಾವ ಅಚ್ಚಿನದ್ದು ಅಂತ ಹೇಳುವ ಮ್ಯಾಟ್ರಿಕ್ಸ್ ನಂಬರ್ ಏನು. ಇದೂ ಒಂದು ಸುಖ, ಇಲ್ಲ ಅನ್ನುವುದಿಲ್ಲ. ಆದರೆ ಅದು ಸಂಗ್ರಹದ ಸುಖ. ಯೊಹಾನ್ನಾ ಮಾರ್ಟ್ಸಿ ನುಡಿಸಿದ ಬಾಖ್ ಸೊನಾಟಾಗಳ ಮೂಲ ಪ್ರತಿ ಸಾಮಾನ್ಯರ ಕೈಗೆ ಎಟುಕುವುದಿಲ್ಲ, ಮರುಮುದ್ರಣದಲ್ಲೂ ಆಕೆಯ ವಯೊಲಿನ್ ಆಕೆಯದ್ದೇ. 2023ರಿಂದ ಡಾಯ್ಚ ಗ್ರಾಮೊಫೋನ್‌ನವರೇ ತಮ್ಮ 70ರ ದಶಕದ ಮೂಲ ಟೇಪುಗಳಿಂದ ಹೊಸದಾಗಿ ಕಟ್ ಮಾಡಿ ತರುತ್ತಿದ್ದಾರೆ. ಹಳೆಯದಕ್ಕಿಂತ ಇವು ಮೇಲು ಅನ್ನುವವರ ಗುಂಪಿನಲ್ಲಿ ನಾನೂ ಇದ್ದೇನೆ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು.

"ಸಂಗೀತ ಕಲಿತಿಲ್ಲ, ನೊಟೇಶನ್ ಬರಲ್ಲ. ಈ ಜಾಗಗಳನ್ನು ನಾವೇ ಹುಡುಕೋದು ಹೇಗೆ?" ಅಂತ ಒಬ್ಬರು ಕೇಳಿದರು. ಜಾಕೆಟ್ ಹಿಂಭಾಗ ಓದಿ. ಹಳೆಯ ಎಲ್‌ಪಿಗಳಲ್ಲಿ ಯಾವ ವಾದ್ಯ ಎಲ್ಲಿ ಬರುತ್ತದೆ ಅಂತ ತಾಳ್ಮೆಯಿಂದ ಬರೆದಿರುತ್ತಾರೆ. ಮುಂಭಾಗದ ಫೋಟೋ ತೆಗೆಯುವವರು ಹಿಂಭಾಗದ್ದೂ ಒಂದು ತೆಗೆದು ಕಳಿಸಿದರೆ ಅರ್ಧ ಕೆಲಸ ಆಯಿತು. ಮತ್ತೆ, ಒಂದೇ ಸೈಡನ್ನು ಕೆಲವು ದಿನ ಬಿಟ್ಟು ಬಿಟ್ಟು ಕೇಳಿ. ಒಮ್ಮೆ ಕೇಳಿದ ರಾಗ ವಾಪಸ್ ಬರುವ ಜಾಗ ತಾನಾಗೇ ಗೊತ್ತಾಗುತ್ತದೆ.

"ಜಾಕೆಟ್ ಮೇಲೆ ಡಿಜಿಟಲ್ ಅಂತ ಇದ್ದರೆ ಆ ಎಲ್‌ಪಿ ತಗೋಬೇಕಾ?" ಡೆಕ್ಕಾ 1979ರಲ್ಲಿ ವಿಯೆನ್ನಾದ ಹೊಸ ವರ್ಷದ ಕಛೇರಿಯನ್ನು ಡಿಜಿಟಲ್ ಆಗಿ ರೆಕಾರ್ಡ್ ಮಾಡಿ ಎಲ್‌ಪಿಯಲ್ಲಿ ತಂದಿತು. ಆಮೇಲೆ ಶಾಸ್ತ್ರೀಯ ಸಂಗೀತದ ಕಂಪನಿಗಳೆಲ್ಲ ಬೇಗ ಬೇಗ ಆ ಕಡೆ ಹೋದವು, ಜಾಕೆಟ್ ಮೇಲೆ ಹೆಮ್ಮೆಯಿಂದ ಹಾಕಿಕೊಂಡವು. ಮೊದಮೊದಲಿನವು ಕೆಲವು ಗಾಜಿನ ಚೂರಿನಂತೆ ಕುಕ್ಕುತ್ತವೆ. ಎಲ್ಲವೂ ಹಾಗಲ್ಲ. ಅರ್ವೊ ಪ್ಯಾರ್ಟ್ ಅವರ "ತಬುಲಾ ರಾಸಾ" ಇಸಿಎಂ ಕಂಪನಿಯಿಂದ 1984ರಲ್ಲಿ ಎಲ್‌ಪಿಯಾಗಿ ಬಂತು. ಆ ಸಂಗೀತ ಬೇಕಾದವರು ಜಾಕೆಟ್ ಮೇಲೆ ಏನು ಬರೆದಿದೆ ಅಂತ ನೋಡುತ್ತಾ ಕೂತರೆ ಹೇಗೆ?

ಕೊನೆಯ ಪ್ರಶ್ನೆ ಮೊನೊ ಬಗ್ಗೆ, ಅಂದರೆ ಎಡ ಬಲ ಅಂತಿಲ್ಲದೆ ಒಂದೇ ಧ್ವನಿಯಾಗಿ ಹಿಡಿದ ರೆಕಾರ್ಡುಗಳ ಬಗ್ಗೆ. "ಹಳೇ ಮೊನೊ ರೆಕಾರ್ಡ್ ಸುಮಾರು ಸಿಗ್ತವೆ, ಸ್ಟೀರಿಯೊ ಕಾರ್ಟ್ರಿಡ್ಜ್‌ನಲ್ಲಿ ಹಾಕಬಹುದಾ?" ಧಾರಾಳವಾಗಿ ಹಾಕಿ. ಮೊನೊ ಗ್ರೂವ್ ಅಕ್ಕಪಕ್ಕಕ್ಕೆ ಮಾತ್ರ ಅಲುಗುತ್ತದೆ, ಸ್ಟೀರಿಯೊದ್ದು ಮೇಲೆ ಕೆಳಗೂ ಅಲುಗುತ್ತದೆ. ಆಂಪ್ಲಿಫೈಯರ್‌ನಲ್ಲಿ ಮೊನೊ ಬಟನ್ ಇದ್ದರೆ ಒತ್ತಿ, ಮೇಲೆ ಕೆಳಗಿನ ಅಲುಗಾಟದಿಂದ ಬರುವ ಗೊರಗೊರ ಅಲ್ಲೇ ಹೋಗಿಬಿಡುತ್ತದೆ. ಸ್ಟೀರಿಯೊ ರೆಕಾರ್ಡನ್ನು ತೀರಾ ಹಳೆಯ ಮೊನೊ ಕಾರ್ಟ್ರಿಡ್ಜ್‌ನಲ್ಲಿ ಮಾತ್ರ ಹಾಕಬೇಡಿ, ಸೂಜಿ ಮೇಲೆ ಕೆಳಗೆ ಬಾಗದೆ ಗ್ರೂವನ್ನು ಕೆರೆದುಹಾಕುತ್ತದೆ. ಕಂಡಕ್ಟರ್ ಫುರ್ಟ್‌ವೆಂಗ್ಲರ್ ತೀರಿಕೊಂಡದ್ದು 1954ರಲ್ಲಿ, ಅವರ ಎಲ್‌ಪಿಗಳ ಸಂಗೀತವೆಲ್ಲ ಮೊನೊ ಕಾಲದ್ದೇ. ಮೊನೊ ಬೇಡ ಅಂದರೆ ಅವರೂ ಇಲ್ಲ. ಎಲ್ಲಿಂದ ಶುರು ಮಾಡಲಿ ಅಂದರೆ, ಹಾರ್ನ್ ವಾದಕ ಡೆನ್ನಿಸ್ ಬ್ರೈನ್ 1953ರಲ್ಲಿ ಕಂಡಕ್ಟರ್ ಕಾರಾಯನ್ ಮತ್ತು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ನುಡಿಸಿದ ಮೊಜಾರ್ಟ್ ಹಾರ್ನ್ ಕನ್ಸರ್ಟೊಗಳು, ಮೊನೊ. ನಾಲ್ಕನೆಯದರ ಕೊನೆಯ ಮೂವ್‌ಮೆಂಟ್ ಮೊದಲು ಹಾಕಿ. ಹಾರ್ನ್ ಮೊದಲು ರಾಗವನ್ನು ಎತ್ತಿಕೊಂಡು ಓಡುತ್ತದೆ, ಆರ್ಕೆಸ್ಟ್ರಾ ಹಿಂದೆಯೇ ಅದನ್ನು ಹಿಡಿಯಲು ಬರುತ್ತದೆ. ಆಮೇಲೆ ಅದೇ ರಾಗ ಎಷ್ಟು ಸಲ ವಾಪಸ್ ಬರುತ್ತದೆ ಅಂತ ಎಣಿಸಿ, ಮುಂದಿನ ಸಲ ಸೇರಿದಾಗ ಹೇಳಿ.